ಜರ್ಮನ್ ತರಗತಿಯಲ್ಲಿ ರಜೆಯ ಪಾಠ

ಸಿಂದಗಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ನಾನು ಆನ್‌ಲೈನ್‌ನಲ್ಲಿ ಜರ್ಮನ್ ಕಲಿಸುತ್ತೇನೆ. ಪುಣೆಯಲ್ಲಿದ್ದ ವರ್ಷಗಳಲ್ಲಿ ಕಲಿತ ಭಾಷೆ ಅದು. ಜರ್ಮನಿಯನ್ನು ನಾನು ಕಣ್ಣಾರೆ ಕಂಡಿಲ್ಲ. ಕಲಿಯಲು ಬರುವವರಲ್ಲಿ ನರ್ಸುಗಳೇ ಹೆಚ್ಚು. ಅಲ್ಲಿಯ ಆಸ್ಪತ್ರೆಗಳಲ್ಲಿ ಕೆಲಸ ಸಿಗಬೇಕಾದರೆ ಮೊದಲು ಭಾಷೆಯ ಪರೀಕ್ಷೆ ಪಾಸಾಗಬೇಕು.

ಆ ಸಲ ಬೆಳಗಿನ ಆರು ಗಂಟೆಯ ತರಗತಿಯಲ್ಲಿ ಮೂವರಿದ್ದರು. ಇಂಡಿ ತಾಲೂಕಿನ ತಾಂಬಾದಿಂದ, ಆಗಷ್ಟೇ ನರ್ಸಿಂಗ್ ಮುಗಿಸಿದ್ದ ಒಬ್ಬ ಮುಸ್ಲಿಂ ಹುಡುಗಿ. ಬಸವನ ಬಾಗೇವಾಡಿಯಿಂದ ಒಬ್ಬ ತರುಣ, ಮಾತಿನ ಮಲ್ಲ. ಮೂರನೆಯವಳು ಮುದ್ದೇಬಿಹಾಳದವಳು, ಹನ್ನೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದಿದ್ದಳು, ಮನೆಯಲ್ಲಿ ಗಂಡ, ಅತ್ತೆ, ಶಾಲೆಗೆ ಹೋಗುವ ಮಗ ಇದ್ದರು.

ಪರೀಕ್ಷೆಯಲ್ಲಿ ಒಂದು ಭಾಗವಿದೆ. ಇಬ್ಬರು ಕೂಡಿ ಏನಾದರೊಂದು ಕಾರ್ಯಕ್ರಮ ಗೊತ್ತುಮಾಡಬೇಕು. ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಒಪ್ಪಬೇಕು ಇಲ್ಲವೇ ಕಾರಣ ಕೊಟ್ಟು ಒಲ್ಲೆ ಅನ್ನಬೇಕು. ಅದರ ಅಭ್ಯಾಸಕ್ಕೆಂದು ನಾನು ಅವರಿಗೆ ಮೂರು ವಾರದ ಕೆಲಸ ಕೊಟ್ಟೆ: ದಕ್ಷಿಣ ಜರ್ಮನಿಯ ದೊಡ್ಡ ಸರೋವರವೊಂದರ ದಂಡೆಯಲ್ಲಿ ನಾಲ್ಕು ದಿನದ ರಜೆ. ರೈಲಿನ ವೇಳೆ, ಉಳಿಯುವ ಜಾಗ, ಊಟ, ತಿರುಗಾಟ ಎಲ್ಲವನ್ನೂ ಅಂತರ್ಜಾಲದಲ್ಲಿ ಹುಡುಕಿ, ಮೂವರಿಗೂ ಕಾಣುವ ಒಂದೇ ಪುಟದಲ್ಲಿ ಜರ್ಮನ್‌ನಲ್ಲೇ ಬರೆಯಬೇಕು.

ಒಂದು ವಾರದಲ್ಲಿ ಪುಟ ತುಂಬಿತು. ತರುಣ ಬೆಟ್ಟ ಹತ್ತುವ ರೈಲು ಹುಡುಕಿದ್ದ. ತಾಂಬಾದ ಹುಡುಗಿ ಹೂವಿನ ತೋಟದ ದ್ವೀಪವೊಂದನ್ನು ಹುಡುಕಿ ದೋಣಿಯ ವೇಳೆಯನ್ನೂ ಬರೆದಿದ್ದಳು. ಮುದ್ದೇಬಿಹಾಳದವಳ ಸಾಲಿನಲ್ಲಿ ಮಾತ್ರ ನಾಲ್ಕೂ ದಿನ ಒಂದೇ ಮಾತು: "ಇಶ್ ಔಖ್." ನಾನೂ ಅಷ್ಟೇ, ಅಂತ.

ನನಗೆ ಸಿಟ್ಟು ಬಂತು. "ಬರೇ ಇಷ್ಟ ಬರದ್ರ ಪರೀಕ್ಷೆದಾಗ ಮಾರ್ಕ್ಸ್ ಯಾರ್ ಕೊಡ್ತಾರ‍್ರಿ? ನಿಮಗ ಏನ್ ಬೇಕು, ಅದನ್ನ ಬರೀರಿ" ಅಂದೆ, ಉಳಿದಿಬ್ಬರ ಎದುರಿಗೇ. ಆಕೆ ತಲೆಯಾಡಿಸಿದಳು. ಮರುದಿನ ತರಗತಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ನಾನೇ ಫೋನ್ ಮಾಡಿದೆ.

"ಶಬ್ದ ಬರ್ತಾವ್ರಿ ಮೇಡಮ್" ಅಂದಳು. "ಆದ್ರ ನನಗ ಏನ್ ಬೇಕಂತ ನನಗ ಗೊತ್ತಿಲ್ರಿ. ಯಾರೂ ಕೇಳಿಲ್ಲ."

"ಹನ್ನೆರಡು ವರ್ಷದಾಗ ರಜಾ ತಗೊಂಡೇ ಇಲ್ಲೇನ್ರಿ?"

"ತಗೊಂಡೇನ್ರಿ. ಅತ್ತಿ ಕಣ್ಣಿನ ಆಪರೇಷನ್‌ಕ್ಕ, ಮಗನ ಜ್ವರಕ್ಕ, ನಾದಿನಿ ಬಾಣಂತನಕ್ಕ. ರಜಾ ಅಂದ್ರ ನಮಗ ಅದ ಅಲ್ರೀ?"

ಫೋನ್ ಇಟ್ಟ ಮೇಲೆ ಆ ಪುಟ ತೆರೆದು ಆಕೆಯ ಸಾಲನ್ನು ಮತ್ತೊಮ್ಮೆ ಓದಿದೆ. ನಾನು ವ್ಯಾಕರಣದ ತಪ್ಪು ಹುಡುಕುತ್ತಿದ್ದೆ. ಕೊರತೆ ಇದ್ದದ್ದು ಬೇರೆಲ್ಲೋ.

ಮರುದಿನ ಆಕೆ ಬಂದಳು. ನಾನು ಕ್ಷಮೆ ಕೇಳಿದೆ, ಅದನ್ನೂ ಎಲ್ಲರ ಎದುರಿಗೇ. ಆಮೇಲೆ ಯೋಜನೆಯನ್ನು ಬದಿಗಿಟ್ಟು ಶಬ್ದಗಳ ಬಗ್ಗೆ ಮಾತಾಡಿದೆವು. ಜರ್ಮನ್‌ನಲ್ಲಿ ಶಾಲೆಯ ಮಕ್ಕಳ ಸೂಟಿಗೆ, ಅಂದರೆ ಅವರ ರಜೆಗೆ, ಒಂದು ಶಬ್ದ, ಕೆಲಸದಿಂದ ಪಡೆಯುವ ರಜೆಗೆ ಇನ್ನೊಂದು. ಎರಡನೆಯದು ಊರ್ಲೌಬ್, ಅದರ ಮೂಲ ಅರ್ಥ ಅನುಮತಿ ಎಂದು ಹೇಳಿದೆ. ತಾಂಬಾದ ಹುಡುಗಿ ತಟ್ಟನೆ ಅಂದಳು: "ನಮ್ಮ ರಜಾನೂ ಹಂಗ ಐತ್ರಿ ಮೇಡಮ್. ನಮ್ಮ ಅಜ್ಜಾ ಹೇಳ್ತಿದ್ರು, ಉರ್ದುದಾಗ ರಜಾ ಅಂದ್ರ ಒಪ್ಪಿಗಿ ಅಂತ."

ಇಷ್ಟು ವರ್ಷ ಕಲಿಸಿಯೂ ನನಗೆ ಅದು ಹೊಳೆದಿರಲಿಲ್ಲ. ಎರಡೂ ಭಾಷೆಗಳಲ್ಲಿ ಬಿಡುವನ್ನು ಮತ್ತೊಬ್ಬರ ಕೈಯಿಂದಲೇ ಪಡೆಯಬೇಕು. ಅಂದು ಹೊಸ ಅಭ್ಯಾಸ ಕೊಟ್ಟೆ: ಒಂದೇ ಒಂದು ದಿನದ ಬಗ್ಗೆ ಬರೆಯಿರಿ, ಯಾರನ್ನೂ ಕೇಳದೆ. ಮುದ್ದೇಬಿಹಾಳದವಳು ಎರಡು ದಿನ ತೆಗೆದುಕೊಂಡು ನಾಲ್ಕು ವಾಕ್ಯ ಬರೆದಳು. ಎಂಟು ಗಂಟೆಗೆ ಏಳುತ್ತೇನೆ. ಯಾರೋ ಮಾಡಿದ ಚಹಾ ಕುಡಿಯುತ್ತೇನೆ. ನೀರಿನ ಹತ್ತಿರ ಕೂಡುತ್ತೇನೆ. ಯಾರೂ ನನ್ನನ್ನು ಕರೆಯುವುದಿಲ್ಲ.

ಕೊನೆಯ ವಾರ ಮೂವರೂ ಕೂಡಿ ಯೋಜನೆ ಮುಗಿಸಬೇಕಿತ್ತು. ತರುಣ ಎಂದಿನಂತೆ, ಎರಡನೆಯ ದಿನ ಎಲ್ಲರೂ ಬೆಟ್ಟಕ್ಕೆ ಅಂದ. ಅಷ್ಟರಲ್ಲಿ ಪರದೆಯ ಮೂಲೆಯಿಂದ "ನೈನ್", ಒಲ್ಲೆ, ಎಂದು ಕೇಳಿಸಿತು. ಅವನಿಗೆ ಗಾಬರಿಯಾಗಿ ಕನ್ನಡವೇ ಬಂತು: "ಯಾಕ್ರಿ ಅಕ್ಕಾರ?"

ಮುದ್ದೇಬಿಹಾಳದವಳು ಜರ್ಮನ್ ಬಿಡಲಿಲ್ಲ. ನನಗೆ ಬೆಟ್ಟ ಬೇಡ, ಸರೋವರದ ಹತ್ತಿರ ಕೂಡಬೇಕು, ಅಂದಳು. ಅವನು ರೈಲಿನ ವರ್ಣನೆ ಮಾಡಿದ. ಮೇಲೆ ಹಿಮ ಕಾಣುತ್ತದೆ ಅಂದ. ಆಕೆ ಪ್ರತಿಯೊಂದಕ್ಕೂ ಒಲ್ಲೆ ಅಂದಳು, ಕಾರಣ ಸಮೇತ, ಕ್ರಿಯಾಪದಗಳನ್ನು ತಪ್ಪು ಜಾಗದಲ್ಲಿಡುತ್ತ. ಇಪ್ಪತ್ತು ನಿಮಿಷ ವಾದ ನಡೆಯಿತು. ತಿದ್ದುವುದನ್ನೇ ನಾನು ಮರೆತೆ. ಕೊನೆಗೆ ಇಬ್ಬರು ಬೆಟ್ಟಕ್ಕೆ, ಒಬ್ಬಳು ದಂಡೆಗೆ, ಸಂಜೆ ಊಟಕ್ಕೆ ಎಲ್ಲರೂ ಒಟ್ಟಿಗೆ ಎಂದು ತೀರ್ಮಾನವಾಯಿತು.

ಪರೀಕ್ಷೆಯಲ್ಲಿ ಆಕೆ ಮಾತಿನ ಭಾಗ ದಾಟಿದಳು, ಆಲಿಸುವ ಭಾಗದಲ್ಲಿ ನಪಾಸಾದಳು. ಮತ್ತೆ ಕಟ್ಟಲು ತಯಾರಿ ನಡೆಸಿದ್ದಾಗ ಒಂದು ದಿನ ನಡುಮಧ್ಯಾಹ್ನ ಆಕೆಯ ಫೋನ್ ಬಂತು.

"ಆಲಮಟ್ಟಿ ಡ್ಯಾಮಿನ ತೋಟದಾಗ ಅದೀನ್ರಿ ಮೇಡಮ್. ರಜಾ ಹಾಕೀನಿ. ಅರ್ಜ್ಯಾಗ ಕಾರಣ ಕೇಳಿದ್ರು, ಸ್ವಂತ ಅಂತ ಬರದೆ."

"ಒಬ್ರ ಹೋಗೀರೇನ್ರಿ?"

ಆಕೆ ನಕ್ಕಳು. "ಒಬ್ಬಾಕಿನ ಬರಬೇಕಂತ ಇತ್ರಿ. ಮುಂಜಾನಿ ಅತ್ತಿಗೆ ಹೇಳಿದೆ, ಬೈತಾರಂತ ತಿಳಕೊಂಡಿದ್ದೆ. ಅವ್ರು ಸೀರಿ ಬದಲಿಸ್ಕೊಂಡು ಬಂದು, 'ನಾನೂ ಬರ್ತೇನಿ, ನಾನರ ಎಲ್ಲಿ ಹೋಗೇನಿ?' ಅಂದ್ರು."

"ಬ್ಯಾಸರಾತೇನ್ರಿ?"

"ಬಸ್ಸಿನಾಗ ಆತ್ರಿ, ಖರೇ ಹೇಳಬೇಕಂದ್ರ. ಈಗ ಇಲ್ಲ. ಅತ್ತಿ ಆಗಲೇ ಹುಲ್ಲಿನ ಮ್ಯಾಲ ಅಡ್ಡಾಗಿ ಮಲಗ್ಯಾರ‍್ರಿ, ಮಂದಿ ನೋಡ್ತಾರನ್ನೂದು ಸೈತ ಇಲ್ಲದ. ನಾ ಇಲ್ಲೆ ಹತ್ತು ಹೆಜ್ಜಿ ದೂರ ಕುಂತೇನಿ."

ಎಬ್ಬಿಸಬೇಡಿರಿ, ಅಂದೆ. ಎಬ್ಬಿಸೂದಿಲ್ರಿ, ಅಂದು ಆಕೆ ಫೋನ್ ಇಟ್ಟಳು.