ಎಲ್ಕಿಗೆ ಒಯ್ದ ಗೋಗ್ರಾಸ

ನಮ್ಮ ಎದುರುಮನೆಯ ಕಾಕುವಿನ ಸಾಕ್ಸೆಲ್ಲ ಕಾಲುಂಗುರದ ಜಾಗದಲ್ಲಿ ತೂತು. ಧಾರವಾಡದವರು, ಪರದೇಶದ ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಚಳಿಗೂ ಕಾಲುಂಗುರ ಬಿಚ್ಚಿದವರಲ್ಲ. ಮಗನ ಜೊತೆ ಇದ್ದರು. ನಾನು ಆಫೀಸಿಗೆ ಹೋದಾಗ ನನ್ನ ನಾಲ್ಕು ವರ್ಷದ ಮಗಳು ಅವರ ಮಡಿಲಲ್ಲೇ. ಊಟಕ್ಕೆ ಮೊದಲು ಕಾಕು ಗೋಗ್ರಾಸವೆಂದು ಆಕಳಿಗೆ ಒಂದು ತುಂಡು ರೊಟ್ಟಿ ತೆಗೆದಿಡಲೇಬೇಕು. ಹನ್ನೊಂದನೇ ಮಹಡಿಯಲ್ಲಿ ಆಕಳೆಲ್ಲಿ ಬರಬೇಕು? ಬಾಲ್ಕನಿಯ ಪಾರಿವಾಳಗಳು ತಿಂದು ಕೊಬ್ಬಿದ್ದವು. ಬಿಲ್ಡಿಂಗಿನ ಸೂಪರಿಂಟೆಂಡೆಂಟ್ ಬಂದು ಕೂಗಾಡಿ ಹೋದರೆ, "ಅಂವಗೂ ಒಂದು ರೊಟ್ಟಿ ಕೊಡೂಣು, ಸುಮ್ಮನಾಗ್ತಾನ" ಎಂದಿದ್ದರು.

ತೊಂಬತ್ತರ ದಶಕದ ಆರಂಭದ ಒಂದು ಸೆಪ್ಟೆಂಬರಿನಲ್ಲಿ ಎರಡೂ ಮನೆಯವರು ವಿಮಾನ ಹತ್ತಿ ರಾಕಿ ಪರ್ವತದ ನ್ಯಾಷನಲ್ ಪಾರ್ಕಿಗೆ ಹೋದೆವು. ಕಣಿವೆಯ ಆಸ್ಪೆನ್ ಮರಗಳೆಲ್ಲ ಅರಿಶಿನ ಬಳಿದುಕೊಂಡು ನಿಂತಿದ್ದವು. ನಾನು ಬೆಂಚಿನ ಮೇಲೆ ಬುತ್ತಿ ಬಿಚ್ಚಿ ತಲೆಯೆತ್ತಿದರೆ, ಕಾಕು ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ನನ್ನ ಮಗಳ ಕೈ ಹಿಡಿದು ಹುಲ್ಲಿಗೆ ಇಳಿದಿದ್ದಾರೆ. ಎದುರಿಗೆ ನಾಲ್ಕೈದು ಹೆಣ್ಣು ಎಲ್ಕ್‌ಗಳು. ಹಸುವಿನಷ್ಟೇ ದೊಡ್ಡ ಜಿಂಕೆ ಜಾತಿಯವು, ತಮ್ಮ ಪಾಡಿಗೆ ಮೇಯುತ್ತಿವೆ.

"ನೋಡವಾ, ಆಕಳಂಗ ಎಷ್ಟು ಸಾಧು ಅದಾವು!"

ಹಳದಿ ಎಲೆಗಳ ಹಿಂದೆ ಕರ್ಕಶವಾದ ಕೂಗೊಂದು ಎದ್ದಿತು. ಬೆದೆಗೆ ಬಂದ ಗಂಡು. ಕವಲೊಡೆದ ಕೋಡು ಬಾಗಿಸಿ ಅವರ ಮೇಲೇ ನುಗ್ಗಿತು. ನಾನು ಬೆಂಚಿನ ಬಳಿಯೇ ನಿಂತುಬಿಟ್ಟೆ. ಕಾಕು ರೊಟ್ಟಿ ಬಿಸಾಡಿ ಮಗುವನ್ನು ಮರದ ಹಿಂದಕ್ಕೆ ಎಳೆದರು. ಅದು ಬಲಕ್ಕೆ ಬಂದರೆ ಇವರು ಎಡಕ್ಕೆ, ಎಡಕ್ಕೆ ಬಂದರೆ ಬಲಕ್ಕೆ. ಕೋಡು ತಾಗಿ ತೊಗಟೆ ಸಿಡಿಯಿತು, ಶಾಲು ಹರಿಯಿತು. "ಅಳಬ್ಯಾಡ ಕೂಸ, ನಾ ಇದ್ದೀನಿ" ಎನ್ನುತ್ತಲೇ ಇದ್ದರು. ಕೊನೆಗೆ ಗಂಡು ತನ್ನ ಹೆಣ್ಣುಗಳ ಕಡೆ ತಿರುಗಿತು.

"ಕೈ ಹಿಡದು ಕರಕೊಂಡು ಹೋದಾಕಿ ನಾನ. ಕೂಸಿಗೆ ಏನರ ಆಗಿದ್ರ?"

"ನೀವ್ ಇಲ್ದಿದ್ರೆ ಅವ್ಳು ಉಳೀತಾನೇ ಇರ್ಲಿಲ್ಲ ಕಾಕು" ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಆಮೇಲೂ ಮಗಳಿಗೆ ಉಣಿಸಿದರು, ತಲೆ ಬಾಚಿದರು. ಮನೆಯಿಂದಾಚೆ ಮಾತ್ರ ಅವಳ ಕೈ ಹಿಡಿಯಲಿಲ್ಲ. ಎಲಿವೇಟರಿನವರೆಗೆ ಹೋಗಲೂ ನನ್ನನ್ನೇ ಕರೆಯುತ್ತಿದ್ದರು.

ವರ್ಷಗಳ ನಂತರ, ಆಸ್ಪತ್ರೆಯಲ್ಲಿ ಅವರ ಕೊನೆಯ ದಿನ. ನನಗಿಂತ ಎತ್ತರ ಬೆಳೆದ ಮಗಳು ಕೈ ಹಿಡಿದು, "ಇಟ್ಸ್ ಮೀ, ಕಾಕು" ಎಂದಳು. ಕಾಕು ಗಾಬರಿಯಿಂದ ಕೈ ಬಿಡಿಸಿಕೊಂಡರು.

"ನಿಮ್ಮವ್ವ ಎಲ್ಲಿ? ಆಕಿನ್ನ ಕೇಳಿ ಬಂದೀಯೇನು?"

ನಾನು ಹತ್ತಿರ ಹೋಗಿ ಮಗಳ ಕೈಯನ್ನು ಅವರ ಅಂಗೈಯಲ್ಲಿಟ್ಟೆ. "ಹಿಡ್ಕೊಳ್ಳಿ ಕಾಕು. ನಾನೇ ಕಳಿಸಿದ್ದು."

ಹಿಡಿದರು. ಸಂಜೆ ಉಸಿರು ನಿಂತಾಗಲೂ ಬಿಟ್ಟಿರಲಿಲ್ಲ.