ಹೊಲಿಗೆಮನೆಯ ನಡುಗೋಡೆ

ಅವಳಿಗೆ ತಡೀರಮ್ಮ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಗೋಡೆ ಒಡೆಯುವ ಕೆಲಸಕ್ಕೆ ಯಾರು ಕರೆದರೂ ಅವಳ ಬಾಯಿಂದ ಮೊದಲು ಬರುವ ಮಾತು ಒಂದೇ: "ಸ್ವಲ್ಪ ತಡೀರಿ." ಹದಿನೆಂಟಕ್ಕೆ ಗಾರೆ ಬಾಂಡ್ಲಿ ಹೊರಲು ಬಂದವಳು ಕರಣೆ ಹಿಡಿದು ಮೇಸ್ತ್ರಿಯಾಗುವ ಹೊತ್ತಿಗೆ ತಲೆ ಅರ್ಧ ನರೆತಿತ್ತು. ಬಾಂಡ್ಲಿ ಹೊರುತ್ತಿದ್ದ ಕಾಲದಲ್ಲಿ ಒಮ್ಮೆ, ಅವಳ ಮೇಸ್ತ್ರಿ ಹಿಂದೆಮುಂದೆ ನೋಡದೆ ಒಂದು ಮನೆಯ ಒಳಗೋಡೆ ಕೆಡವಿಸಿದ್ದ. ಮೂರನೇ ದಿನ ತಾರಸಿ ಬಾಯಿ ಬಿಟ್ಟಿತು. ಮನೆಮಂದಿ ಎದ್ದೆವೋ ಬಿದ್ದೆವೋ ಅಂತ ಬೀದಿಗೆ ಓಡಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆವತ್ತು ಹುಟ್ಟಿದ ಮಾತು ಅದು.

ಆ ಬೆಳಿಗ್ಗೆ ಅವಳನ್ನು ಕರೆಸಿದ್ದು ಹೊಲಿಗೆ ಅಕ್ಕತಂಗಿಯರು. ಅಪ್ಪ ಬಿಟ್ಟುಹೋದ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಇಬ್ಬರದೂ ಒಂದೊಂದು ಮಷಿನ್ನು, ನಡುವೆ ಒಂದು ಗೋಡೆ. ಇದ್ದದ್ದು ಒಂದೇ ದೊಡ್ಡ ಕತ್ತರಿ. "ಅಕ್ಕಾ, ಕತ್ತರಿ!" ಅಂತ ತಂಗಿ ಕೂಗಬೇಕು, "ಇಲ್ಲೇ ಇದೆ, ಬಂದು ತಗೋ" ಅಂತ ಅಕ್ಕ ಕೂಗಬೇಕು. ಮೂವತ್ತು ವರ್ಷ ಹೀಗೇ ಕೂಗಿ ಕೂಗಿ ಇಬ್ಬರಿಗೂ ಗಂಟಲು ಗಟ್ಟಿಯಾಗಿತ್ತು. ಈಗ ಗೋಡೆ ತೆಗೆದು, ನಡುವೆ ಒಂದು ಉದ್ದನೆಯ ಮೇಜು ಹಾಕುವ ಆಸೆ.

ತಡೀರಮ್ಮ ಹೊಸ್ತಿಲು ದಾಟುವಾಗ ಅಕ್ಕನ ಗಂಡ ದೊಡ್ಡ ಸುತ್ತಿಗೆ ಎತ್ತಿ ನಿಂತಾಗಿತ್ತು.

"ನಾಲ್ಕು ಏಟು ಸಾಕು, ಮಲಗಿಸಿಬಿಡ್ತೀನಿ!"

"ಸ್ವಲ್ಪ ತಡೀರಿ ಅಣ್ಣಾ. ಮೊದಲು ಅದನ್ನ ಕೆಳಗಿಡಿ. ನಿಮ್ಮ ಕಾಲಿನ ಮೇಲಲ್ಲ, ನೆಲದ ಮೇಲೆ."

ಬಾಗಿಲ ಸಂದಿನಲ್ಲಿ ಟೇಪು ಹಿಡಿದು ಗೋಡೆಯ ದಪ್ಪ ಅಳೆದಳು. ಗಾರೆ ಸೇರಿ ಐದೂವರೆ ಇಂಚು.

"ನೋಡಿದ್ರಾ? ತೆಳ್ಳಗಿದೆ. ಇದು ಏನು ಹೊತ್ತೀತು?" ಅಂದ ಅವನು.

"ನಾನೂ ತೆಳ್ಳಗಿದ್ದೀನಿ. ಎಷ್ಟು ಬಾಂಡ್ಲಿ ಹೊತ್ತಿದ್ದೀನಿ ಗೊತ್ತಾ?"

ತಂಗಿ ಕಿಸಕ್ಕನೆ ನಕ್ಕಳು. ಅವನು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿ ಇಟ್ಟು, ತಲೆಯಾಡಿಸಿದ. "ತಟ್ಟಿದ್ರೆ ಟೊಳ್ಳೋ ಗಟ್ಟಿಯೋ ತಿಳಿಯುತ್ತೆ ಅಣ್ಣಾ. ತಲೆ ಮೇಲೆ ಏನಿದೆ ಅಂತ ತಿಳಿಯಲ್ಲ," ಅನ್ನುತ್ತಾ ತಡೀರಮ್ಮ ಮಹಡಿ ಮೆಟ್ಟಿಲು ಹತ್ತಿದಳು.

ಮಹಡಿಯಲ್ಲಿ ಇವರ ಸೋದರತ್ತೆ ಇದ್ದಳು. ಎಂಬತ್ತೆಂಟು ವಯಸ್ಸು, ಹಲ್ಲು ಮೂರು, ನೆನಪು ಮಾತ್ರ ಉಕ್ಕು. ಕೆಳಗಿನ ಗೋಡೆಯ ನೇರಕ್ಕೆ ಮೇಲೂ ಗೋಡೆ ಇದೆಯೇ ಅಂತ ತಡೀರಮ್ಮ ಹೊರಗೋಡೆಯಿಂದ ಅಳೆಯುತ್ತಾ ಬಂದಳು. ಕೆಳಗೆ ಗೋಡೆ ಇದ್ದ ಹನ್ನೊಂದು ಅಡಿಗೆ ಸರಿಯಾಗಿ ಅತ್ತೆಯ ಮಂಚ ಬಂತು. ಗೋಡೆ ಇರಲಿಲ್ಲ.

"ಏನಮ್ಮಾ, ನನ್ನನ್ನೇ ಅಳೀತಿದ್ದೀಯಾ?"

"ಇಲ್ಲಮ್ಮಾ, ಕೆಳಗಿನ ನಡುಗೋಡೆ ತೆಗೀಬೇಕಂತೆ."

"ಅದಾ?" ಅತ್ತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅದು ಮನೆ ಕಟ್ಟಿದಾಗ ಇರಲೇ ಇಲ್ಲ. ಈ ಇಬ್ಬರು ಹುಡುಗಿಯರು ಹಾವು ಮುಂಗುಸಿ ಥರ ಕಿತ್ತಾಡ್ತಿದ್ರು. ನನ್ನ ತಮ್ಮ ಸಾಕಾಗಿ, ಆರು ವರ್ಷ ಆದ್ಮೇಲೆ ಎಬ್ಬಿಸಿದ ಗೋಡೆ ಅದು!"

ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು. "ನೀನೇ ಶುರು ಮಾಡ್ತಿದ್ದದ್ದು," ಅಂದಳು ಅಕ್ಕ. "ನೀನು ನನ್ನ ಜಡೆ ಕತ್ತರಿಸಿದ್ದು?" ಅಂದಳು ತಂಗಿ.

"ಇನ್ನೇನು, ಒಡೀಲಾ?" ಅಂತ ಕೆಳಗಿನಿಂದ ಕೂಗು ಬಂತು.

"ಬೇಡ! ಈ ಅಮ್ಮನ ಮಾತು ಸುಳ್ಳಲ್ಲ, ಆದ್ರೂ ಕಣ್ಣಾರೆ ನೋಡ್ಬೇಕು," ಅಂದಳು ತಡೀರಮ್ಮ.

ಕೆಳಗಿಳಿದು ಏಣಿ ಹತ್ತಿ, ಚಾವಣಿಯ ಹತ್ತಿರ ಚಾಣದಿಂದ ಅಂಗೈಯಗಲ, ಮೊಳದುದ್ದ ಗಾರೆ ಮೆಲ್ಲಗೆ ಎಬ್ಬಿಸಿದಳು. ಕೆಂಪು ಇಟ್ಟಿಗೆ ಚಾವಣಿಯವರೆಗೂ ಹೋಗಿರಲಿಲ್ಲ. ಒಂದಡಿ ಕೆಳಗೇ ನಿಂತಿತ್ತು. ಅದರ ಮೇಲೆ ಬೂದು ಬಣ್ಣದ ಕಾಂಕ್ರೀಟು ತೊಲೆ. ಏಣಿ ಸರಿಸಿ ಎರಡು ತುದಿಯಲ್ಲೂ ಕೆರೆದಳು. ಎರಡು ಕಡೆಯೂ ತೊಲೆ ಕಾಂಕ್ರೀಟು ಕಂಬದ ಮೇಲೆ ಕೂತಿತ್ತು. ತೊಲೆಗೂ ಇಟ್ಟಿಗೆಗೂ ನಡುವೆ ತುರುಕಿದ್ದ ಗಾರೆ ಉಗುರಿಗೇ ಉದುರಿತು. ಮಹಡಿಯ ಭಾರ ಗೋಡೆಯ ಮೇಲಿರಲಿಲ್ಲ. ಅವಳ ಮುಖ ಅರಳಿತು. ಆದರೂ ಮರುದಿನ ಎಂಜಿನಿಯರನ್ನು ಕರೆಸಿದಳು. ಅವರು ಹಿಂದಿನ ಬಾಗಿಲವರೆಗೂ ಹೋಗಿ ಎಲ್ಲ ನೋಡಿ, "ತೆಗೀಬಹುದು. ತೊಲೆಗೆ ಮಾತ್ರ ಕೈ ಹಚ್ಚಬೇಡಿ," ಅಂತ ಬರೆದುಕೊಟ್ಟರು.

ಗೋಡೆಯೊಳಗಿನ ವಿದ್ಯುತ್ ತಂತಿ ಬಿಡಿಸಿ, ಮೇಲಿನ ಸಾಲಿನಿಂದ ಒಂದೊಂದೇ ಇಟ್ಟಿಗೆ ಇಳಿಸಿದರು. ಸುತ್ತಿಗೆಯ ಶೂರನಿಗೆ ಇಟ್ಟಿಗೆ ಹೊರುವ ಕೆಲಸ ಸಿಕ್ಕಿತು. ಗೋಡೆ ತಲೆಮಟ್ಟಕ್ಕೆ ಇಳಿಯುತ್ತಲೇ ಅಕ್ಕನಿಗೆ ತಂಗಿಯ ಮುಡಿ ಕಂಡಿತು, ಆಮೇಲೆ ಹಣೆ, ಆಮೇಲೆ ಕನ್ನಡಕ. "ಅಯ್ಯೋ, ನಿನ್ನ ಕೋಣೆಗೆ ಎಷ್ಟು ಬೆಳಕು ಬರುತ್ತೇ!" ಅಂದಳು ಅಕ್ಕ. ಅಷ್ಟು ದಿನ ತಂಗಿಯ ಕಿಟಕಿಯಲ್ಲೇ ನಿಂತುಬಿಡುತ್ತಿದ್ದ ಬಿಸಿಲು ಧೂಳಿನ ಮೇಲೆ ಹಾಯ್ದು ಅಕ್ಕನ ಮಷಿನ್ನಿನವರೆಗೂ ಬಂದಿತ್ತು. ಮಹಡಿಯಿಂದ ಅತ್ತೆಯನ್ನು ಇಬ್ಬರು ತೋಳು ಹಿಡಿದು ಇಳಿಸಿ, ನಟ್ಟನಡುವೆ ಕುರ್ಚಿ ಹಾಕಿ ಕೂರಿಸಿದರು.

ವಾರ ಕಳೆದು ಉಳಿದ ಗಾರೆ ಮುಗಿಸಲು ತಡೀರಮ್ಮ ಬಂದಾಗ, ಹೊಸ ಮೇಜಿನ ಮೇಲೆ ಅವಳಿಗೇ ಅಂತ ಹೊಲಿದ ಒಂದು ಖಾಕಿ ಕೋಟು ಮಡಿಸಿಟ್ಟಿತ್ತು. ಟೇಪಿಗೊಂದು, ಚಾಣಕ್ಕೊಂದು, ಕರಣೆಗೊಂದು ಜೇಬು. ಎಡತೋಳು ಅಕ್ಕನದು, ಬಲತೋಳು ತಂಗಿಯದು. ಒಂದು ತೋಳು ಇನ್ನೊಂದಕ್ಕಿಂತ ಅರ್ಧ ಇಂಚು ಉದ್ದವಾಗಿತ್ತು. ತಡೀರಮ್ಮ ಅಳೆಯಲಿಲ್ಲ. ಹಾಕಿಕೊಂಡು, ಜೇಬಿಗೆಲ್ಲ ಕೈ ಹಾಕಿ ನೋಡಿ, ಗಾರೆ ಕೆಲಸ ಮುಗಿದ ಮೇಲೆ ಬೀದಿಯುದ್ದಕ್ಕೂ ಬೀಗುತ್ತಾ ನಡೆದಳು.