ಹೊಟ್ಟೆ ಸುಮ್ಮನಿತ್ತು, ಕಣ್ಣು ಬಾಯಿಬಿಟ್ಟಿತು

ಕಣ್ಣಿನ ಡಾಕ್ಟರಮ್ಮ ಕೋಣೆಯ ದೀಪ ಆರಿಸಿ, ಅವನ ಗಲ್ಲವನ್ನು ಯಂತ್ರದ ಪಟ್ಟಿಯ ಮೇಲಿರಿಸಿ, ಎಡಗಣ್ಣಿನೊಳಗೆ ಸಣ್ಣ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಕೇಳಿದರು.

“ಹೊಟ್ಟೆ ಹೇಗಿದೆ?”

ಅವನು ಬಾಗಿಲ ಬಳಿ ಕೂತಿದ್ದ ಹೆಂಡತಿಯ ಮುಖ ನೋಡಿದ. “ಹೊಟ್ಟೆಗೇನಾಗಿದೆ ಡಾಕ್ಟ್ರೇ? ನಾನು ಬಂದಿದ್ದು ಕಣ್ಣು ತೋರಿಸೋಕೆ.”

“ಭೇದಿ? ನೋವು? ರಕ್ತ ಹೋಗೋದು?”

“ಕಲ್ಲು ತಿಂದು ಕಲ್ಲು ಅರಗಿಸ್ಕೊಳ್ಳೋ ಹೊಟ್ಟೆ ನಂದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತಲ್ಲ ಇದು!”

ಡಾಕ್ಟರಮ್ಮ ನಗಲಿಲ್ಲ. ಕಣ್ಣಿನ ಒಳಪದರ ಉರಿಯೆದ್ದಿತ್ತು, ಅದೂ ಆರು ತಿಂಗಳಲ್ಲಿ ಎರಡನೇ ಸಲ. ಬೆಳಗ್ಗೆ ಎದ್ದರೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಬಾಯಿಯಲ್ಲಿ ಹುಣ್ಣು, ಮೈಯಲ್ಲಿ ರಕ್ತ ಕಡಿಮೆ. ಇವೆಲ್ಲ ನಾಲ್ಕು ಮನೆಯ ಜಗಳವಲ್ಲ, ಒಂದೇ ಮನೆಯದ್ದಿರಬಹುದು ಎಂದವರೇ ಕರುಳಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಕಟ್ಟಡದ ಕೆಲಸದವರು ಅವನನ್ನು ಒಂಟೆ ಎಂದು ಕರೆಯುತ್ತಿದ್ದರು. ಹನ್ನೆರಡು ವರ್ಷದಿಂದ ಟವರ್ ಕ್ರೇನ್ ಆಪರೇಟರ್. ಬೆಳಗ್ಗೆ ಏಳಕ್ಕೆ ಕಬ್ಬಿಣದ ಏಣಿ ಹಿಡಿದು ಇಪ್ಪತ್ತು ಮಾಳಿಗೆಯಷ್ಟು ಎತ್ತರ ಹತ್ತಿದರೆ, ಸಂಜೆ ಐದಕ್ಕೇ ಇಳಿಯುವುದು. ನಡುವೆ ಇಳಿದು ಹತ್ತಿದರೆ ಮುಕ್ಕಾಲು ಗಂಟೆ ಹೋಯಿತು. ಅಷ್ಟು ಹೊತ್ತು ಕೆಳಗೆ ಅರವತ್ತು ಜನ ಕೈಕಟ್ಟಿ ನಿಲ್ಲಬೇಕು, ಎಂಜಿನಿಯರ್ ಕೆಂಗಣ್ಣು ಬಿಡಬೇಕು. ತುರ್ತಿಗೆಂದು ಸೀಟಿನ ಹಿಂದೆ ಒಂದು ಖಾಲಿ ಬಾಟಲಿ ಇತ್ತು. ಬಾಟಲಿಗೆ ಆಗುವುದು ಒಂದೇ ತುರ್ತು, ಎರಡನೆಯದಕ್ಕೆ ದೇವರೇ ದಿಕ್ಕು.

“ಮೇಲೆ ಹತ್ತೋನು ಒಣಗಿ ಹತ್ತಬೇಕು ಕಣೋ,” ಎಂದು ಕೆಲಸ ಕಲಿಸಿದ ಹಿರಿಯ ಆಪರೇಟರ್ ಮೊದಲ ದಿನವೇ ಹೇಳಿಕೊಟ್ಟಿದ್ದ. ಸಂಜೆ ಎರಡು ತುತ್ತು, ಬೆಳಗ್ಗೆ ಅರ್ಧ ಲೋಟ ಟೀ, ಇಡೀ ದಿನಕ್ಕೆ ನಾಲ್ಕು ಗುಟುಕು ನೀರು. ಆ ಕಸುಬಿನವರು ಹೊಟ್ಟೆಯನ್ನು ಪಳಗಿಸುವುದು ಹಾಗೆ. ಬೆಲ್ಟಿಗೆ ವರ್ಷಕ್ಕೊಂದು ತೂತು ಹೆಚ್ಚಾದಾಗ ಅವನಿಗೆ ಅದು ಕಾಯಿಲೆಯೆಂದು ತೋರಲಿಲ್ಲ, ಕಸುಬು ಕೈಹತ್ತಿದೆಯೆಂದೇ ತೋರಿತು. ಸುಸ್ತಾದರೆ ಏಣಿಯ ಮೇಲೆ ಹಾಕಿದ, ಮಂಡಿ ನೋವನ್ನೂ ಏಣಿಯ ಮೇಲೇ ಹಾಕಿದ. ಪಾಪ, ಆ ಏಣಿ ಎಷ್ಟು ಅಪವಾದ ಹೊತ್ತಿತೋ!

ಹೆಲ್ಮೆಟ್ ಹಾಕಿ, ಬೆಲ್ಟ್ ಕಟ್ಟಿ, ಬೂಟು ತೊಡಿ ಎಂದು ಕಂಪನಿಯವರು ಗೇಟಿನಲ್ಲಿ ಬಾಗಿಲಗಲದ ಬೋರ್ಡು ಬರೆಸಿದ್ದರು. ಹತ್ತು ಗಂಟೆ ಆಕಾಶದಲ್ಲಿ ಕೂತ ಮನುಷ್ಯ ಉಚ್ಚೆ ಎಲ್ಲಿ ಹೊಯ್ಯಬೇಕು ಎಂದು ಬರೆಯಲು ಆ ಬೋರ್ಡಿನಲ್ಲಿ ಜಾಗ ಸಾಲಲಿಲ್ಲ. ಕ್ರೇನಿನ ಎಣ್ಣೆ ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಅದನ್ನು ನಡೆಸುವವನು ಒಣಗಿದ್ದಷ್ಟೂ ಒಳ್ಳೆಯ ಕೆಲಸಗಾರ.

ಕರುಳಿನೊಳಗೆ ಕೊಳವೆ ಬಿಟ್ಟು ನೋಡುವ ಮುಂಚೆ ಹೊಟ್ಟೆ ಪೂರ್ತಿ ಖಾಲಿಯಾಗಬೇಕಲ್ಲ, ಉಪ್ಪುಪ್ಪಾದ ಔಷಧಿನೀರನ್ನು ಲೀಟರುಗಟ್ಟಲೆ ಕುಡಿಸಿದರು. ಮಧ್ಯಾಹ್ನವಿಡೀ ಅವನು ಮನೆಯಲ್ಲಿ ಪಾಯಿಖಾನೆಗೂ ಮಂಚಕ್ಕೂ ಓಡಾಡಿದ. ಹೆಂಡತಿಯ ತಮ್ಮ ಅದೇ ಕಟ್ಟಡದಲ್ಲಿ ಕೆಳಗೆ ನಿಂತು ವಾಕಿಟಾಕಿಯಲ್ಲಿ ಕ್ರೇನಿಗೆ ಸಿಗ್ನಲ್ ಕೊಡುವವನು. ಅವನು ಬಾಗಿಲಾಚೆಯಿಂದ ಕೂಗಿದ, “ಭಾವ, ಅಣೆಕಟ್ಟು ಒಡೀತಾ? ಕೆಳಗಿನೋರಿಗೆ ಹುಷಾರು ಅಂತ ಡಂಗುರ ಹೊಡೆಸ್ಲಾ?”

“ಒಳಗೆ ಬಂದೆ ಅಂದ್ರೆ ನಿನ್ನ ಮೇಲೇ ಬಿಡ್ತೀನಿ ನೋಡು!”

ಆ ಮನೆ ನಕ್ಕ ಕೊನೆಯ ದಿನ ಅದು. ವಾರದ ನಂತರ ಕರುಳಿನ ಡಾಕ್ಟರು ಮೇಜಿನ ಮೇಲೆ ಚಿತ್ರ ಹರಡಿದರು. ಸಣ್ಣ ಕರುಳು ಮುಗಿಯುವ ಕಡೆ ಬೆಂದ ಚರ್ಮದಂಥ ಕೆಂಪು, ಅದರ ಮಧ್ಯೆ ಬಿಳಿ ಬಿಳಿ ಹುಣ್ಣು.

“ಇದಕ್ಕೆ ಕ್ರೋನ್ಸ್ ಅಂತಾರೆ. ದೇಹ ತನ್ನ ಕರುಳನ್ನೇ ಶತ್ರು ಅಂದ್ಕೊಂಡು ಮೈಮೇಲೆ ಬೀಳುತ್ತೆ. ಕಣ್ಣು, ಕೀಲು, ಬಾಯಿ ಎಲ್ಲ ಅದರದ್ದೇ ಚೇಷ್ಟೆ. ಪೂರ್ತಿ ವಾಸಿಯಾಗಲ್ಲ, ಆದ್ರೆ ಹತೋಟಿಗೆ ಬರುತ್ತೆ.”

“ಒಂದು ದಿನ ಹೊಟ್ಟೆ ನೋವು ಅಂತ ಮಲಗಿದೋನಲ್ಲ ಸಾರ್ ನಾನು. ಬೇರೆ ಯಾರದ್ದೋ ಚಿತ್ರ ಇರಬೇಕು.”

“ಕೆಲವರಿಗೆ ಹೊಟ್ಟೆ ಬಾಯೇ ಬಿಡಲ್ಲ. ನಿಮ್ಮದು ಯಾಕೆ ಸುಮ್ಮನಿತ್ತು ಅಂತ ಖಚಿತವಾಗಿ ಹೇಳಲಾರೆ. ನೀವೇ ಅದಕ್ಕೆ ಸುಮ್ಮನಿರೋದು ಕಲಿಸಿದ್ರೋ ಏನೋ.”

ಮಾತ್ರೆ ಬರೆದರು. ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನಬೇಕು, ನೀರು ಕುಡಿಯಬೇಕು ಎಂದರು. ಕಣ್ಣಿಗೆ ಎರಡು ಬಗೆಯ ಹನಿಯನ್ನು ಡಾಕ್ಟರಮ್ಮ ಮೊದಲೇ ಕೊಟ್ಟಿದ್ದರು. ಅದರಲ್ಲೊಂದು ಪಾಪೆಯನ್ನು ಅಗಲ ಮಾಡುವಂಥದ್ದು; ಹಾಕಿದರೆ ಎದುರಿನದೆಲ್ಲ ಮಸುಕು, ಬಿಸಿಲು ಕಂಡರೆ ಆಗದು. ಮೂರು ವಾರ ಕ್ರೇನ್ ಹತ್ತುವ ಮಾತೇ ಬೇಡ ಎಂದು ಇಬ್ಬರು ಡಾಕ್ಟರೂ ಹೇಳಿದರು.

ಸೋಮವಾರ ಅವನು ಹತ್ತಿದ.

ಹತ್ತುವ ಮೊದಲು ಆರು ತಿಂಗಳಿಗೊಮ್ಮೆ ತುಂಬುವ ಆರೋಗ್ಯದ ಫಾರಂ ಬಂತು. ಕಾಯಿಲೆ ಏನಾದರೂ ಇದೆಯೇ, ಹೌದು, ಇಲ್ಲ. ‘ಇಲ್ಲ’ಕ್ಕೆ ಗುರುತು ಹಾಕಿದ. ಹೋದ ವರ್ಷ ಇನ್ನೊಬ್ಬ ಆಪರೇಟರ್ ಸಕ್ಕರೆ ಕಾಯಿಲೆಯೆಂದು ನಿಜ ಹೇಳಿದ್ದ. ಈಗ ಗೇಟಿನಲ್ಲಿ ಲಾರಿಗಳ ನಂಬರು ಬರೆದುಕೊಳ್ಳುತ್ತ ಸ್ಟೂಲಿನ ಮೇಲೆ ಕೂತಿರುತ್ತಾನೆ. ಕ್ಯಾಬಿನ್ನಿನಿಂದ ಇಳಿದವನನ್ನು ಮತ್ತೆ ಮೇಲಕ್ಕೆ ಕರೆದದ್ದನ್ನು ಯಾರೂ ಕಂಡಿರಲಿಲ್ಲ. ನಿಜ ಹೇಳಿದವನಿಗೆ ಸ್ಟೂಲು, ಸುಳ್ಳು ಹೇಳಿದವನಿಗೆ ಸೀಟು. ಇಂಥ ನ್ಯಾಯ ಕಟ್ಟಿಕೊಂಡ ಕಂಪನಿಗೆ ಎಲ್ಲ ಫಾರಂಗಳಲ್ಲೂ ‘ಇಲ್ಲ’ ಎಂದೇ ಉತ್ತರ ಬಂದರೆ ಆಶ್ಚರ್ಯವೇನು?

ಮಾತ್ರೆ ನುಂಗುತ್ತಿದ್ದ. ಮಸುಕು ಮಾಡುವ ಹನಿಯನ್ನು ಮಾತ್ರ ಮುಟ್ಟಲಿಲ್ಲ. ಬುಧವಾರ ಸಂಜೆ ಹೆಂಡತಿ ಸೀಲು ಒಡೆಯದ ಆ ಸೀಸೆಯನ್ನು ತಂದು ಅವನ ಮುಂದೆ ಕುಕ್ಕಿದಳು.

“ಇದನ್ನ ಪೂಜೆಗೆ ಇಟ್ಟಿದ್ದೀರಾ?”

“ಅದು ಹಾಕಿದ್ರೆ ಕಾಣಲ್ಲ ಕಣೇ. ಕಾಣದೆ ಕ್ರೇನ್ ಹೇಗೆ ಆಡಿಸ್ಲಿ?”

“ಹಾಕದಿದ್ರೆ ಕಣ್ಣೇ ಹೋಗುತ್ತಂತಲ್ಲ, ಆಮೇಲೆ ಹೇಗೆ ಆಡಿಸ್ತೀರಿ?” ಅವಳ ದನಿ ತಗ್ಗಿತು. “ರೀ, ನಿಮ್ಮ ಕೊಕ್ಕೆ ಕೆಳಗೆ ನಿಲ್ಲೋನು ನನ್ನ ತಮ್ಮ. ಅವನಿಗೆ ಏನಂತ ಹೇಳಿದ್ದೀರಿ?”

“ಗ್ಯಾಸು ಅಂತ.”

“ನೀವು ಹೇಳ್ತೀರೋ, ನಾನು ಹೇಳ್ಲೋ?”

“ಭಾನುವಾರದ ತನಕ ತಡಿ. ಆಮೇಲೆ ನಾನೇ ಹೇಳ್ತೀನಿ.”

ಗುರುವಾರ ಹನ್ನೊಂದು ಗಂಟೆಯ ಹೊತ್ತಿಗೆ ನಾಲ್ಕು ಟನ್ನಿನ ಕಾಂಕ್ರೀಟ್ ಚಪ್ಪಡಿಯೊಂದು ಕೊಕ್ಕೆಯಲ್ಲಿ ತೂಗುತ್ತಿತ್ತು. ಮೂಲೆಯಲ್ಲಿ ಮೊದಲೇ ನಿಂತಿದ್ದ ಗೋಡೆಗೆ ಅದನ್ನು ತಾಗಿಸಿ ಕೂರಿಸಬೇಕು. ಎದುರಿನ ಗಾಜಿನ ಕಟ್ಟಡಕ್ಕೆ ಬಿದ್ದ ಬಿಸಿಲು ತಿರುಗಿ ಕ್ಯಾಬಿನ್ನಿಗೆ ಹೊಡೆದಾಗ ಎಡಗಣ್ಣಿಗೆ ಸೂಜಿ ಚುಚ್ಚಿದಂತಾಯಿತು. ನೀರು ಧಾರೆಯಾಗಿ ಸುರಿಯಿತು. ಆ ಕಣ್ಣು ಮುಚ್ಚಿಕೊಂಡು ನೋಡಿದ. ಚಪ್ಪಡಿ ಕಾಣುತ್ತಿತ್ತು, ಬಾಮೈದನ ಹಳದಿ ಹೆಲ್ಮೆಟ್ಟೂ ಕಾಣುತ್ತಿತ್ತು. ಹೆಲ್ಮೆಟ್ಟು ಚಪ್ಪಡಿಯ ಈಚೆಗಿದೆಯೋ ಆಚೆಗಿದೆಯೋ, ಅದೊಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

“ಇಳಿಸಿ ಭಾವ... ಇಳಿಸಿ... ಸ್ವಲ್ಪ ಎಡಕ್ಕೆ... ಸಾಕು.” ವಾಕಿಯಲ್ಲಿ ಬಾಮೈದನ ದನಿ ಎಂದಿನಂತೆಯೇ ಇತ್ತು. ಆ ದನಿಯೊಂದನ್ನೇ ನಂಬಿ, ಏನೂ ಕಾಣದ ಕಡೆಗೂ ನೂರಾರು ಸಲ ಭಾರ ಇಳಿಸಿದ್ದುಂಟು. ಇನ್ನು ಎರಡು ಗೇಣು, ಅಷ್ಟೆ. ಇದೊಂದನ್ನು ಮುಗಿಸಿಬಿಟ್ಟರೆ ಕೆಳಗಿನವರ ಟೀ ಬಿಡುವು.

“ಭಾವ, ಮಧ್ಯೆ ಒಂದು ಮರದ ತುಂಡು ಸಿಕ್ಕೊಂಡಿದೆ. ಕೈ ಹಾಕಿ ತೆಗೀತೀನಿ. ನೋಡ್ತಾ ಇದ್ದೀರಲ್ಲ? ಹಾಕ್ಲಾ?”

ಹೂಂ ಅಂದರೆ ಮುಗಿಯಿತು. ಹನ್ನೆರಡು ವರ್ಷದ ರೂಢಿ, ಹೂಂ ಎನ್ನುವುದು ನಾಲಿಗೆಯ ತುದಿಗೆ ತಾನೇ ಬಂದು ನಿಂತಿತ್ತು. ಅಷ್ಟರಲ್ಲಿ ಗಾಳಿ ಬೀಸಿತು. ಚಪ್ಪಡಿ ಒಂದು ಚೂರು ವಾಲಿದಂತೆ ಕಂಡಿತು. ವಾಲಿತೋ ಇಲ್ಲವೋ, ಹೇಳುವುದು ಹೇಗೆ?

“ಕೈ ಹಾಕ್ಬೇಡ! ದೂರ ಹೋಗು. ಎಲ್ಲರೂ ದೂರ ಹೋಗಿ.”

“ಯಾಕೆ ಭಾವ?”

“ನನಗೆ ಕಾಣ್ತಾ ಇಲ್ಲ.”

ಎಂಜಿನಿಯರ್ ತನ್ನ ವಾಕಿಯಲ್ಲಿ ನಡುವೆ ಬಾಯಿ ಹಾಕಿದ. “ಏನು ಕಾಣ್ತಿಲ್ಲ? ಮಂಜಾ, ಧೂಳಾ?”

“ಕಣ್ಣು ಸಾರ್. ಎಡಗಣ್ಣು ಕೆಟ್ಟಿದೆ. ಕರುಳಲ್ಲಿ ಹುಣ್ಣಾಗಿದೆ, ಅದರಿಂದ ಕಣ್ಣಿಗೆ ಬಂದಿದೆ. ಮೂರು ವಾರ ಹತ್ತಬೇಡ ಅಂದಿದ್ರು ಡಾಕ್ಟ್ರು. ಹತ್ತಿದೆ.” ವಾಕಿ ಇದ್ದವರೆಲ್ಲರಿಗೂ ಅದು ಕೇಳಿಸಿತು. ಅವನಿಗೂ ಗೊತ್ತಿತ್ತು, ಹೇಳುತ್ತಲೇ ಹೋದ.

ಎಲ್ಲರನ್ನೂ ಹೊರಗೆ ಕಳಿಸಿ ಎಂಜಿನಿಯರ್ ವಾಕಿಯಲ್ಲಿ ದಾರಿ ಹೇಳಿದ; ಅವನು ಚಪ್ಪಡಿಯನ್ನು ಬಯಲಿಗೆ ತಂದ. ಗೇಣು ಗೇಣಾಗಿ ಇಳಿಸಿ ನೆಲ ಮುಟ್ಟಿಸಲು ಕಾಲು ಗಂಟೆ ಹಿಡಿಯಿತು. ಅವನು ಬೆಲ್ಟಿನ ಕೊಕ್ಕೆ ಸಿಕ್ಕಿಸುತ್ತ ಬಿಚ್ಚುತ್ತ, ಮೆಟ್ಟಿಲು ಮೆಟ್ಟಿಲಿಗೂ ಕಾಲಲ್ಲಿ ತಡವುತ್ತ ಇಳಿದು ಬಂದಾಗ ಕೆಲಸದವರು ಸುತ್ತ ನೆರೆದಿದ್ದರು. ಒಂಟೆ ಎಂದು ಕೂಗುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ.

ಬಾಮೈದ ಎದುರಿಗೆ ಬಂದು ನಿಂತ. “ಗ್ಯಾಸು ಅಂದ್ರಲ್ಲ ಭಾವ,” ಎಂದ.

“ಫಾರಂನಲ್ಲಿ ಇಲ್ಲ ಅಂತ ಬರೆದಿದ್ದೀಯ,” ಎಂದ ಎಂಜಿನಿಯರ್. “ಹೆಚ್ಚುಕಡಿಮೆ ಆಗಿದ್ರೆ?”

“ತಪ್ಪು ನಂದೇ ಸಾರ್. ಅದಕ್ಕೆ ಏನು ಬೇಕಾದ್ರೂ ಮಾಡಿ. ಆದ್ರೆ ಹನ್ನೆರಡು ವರ್ಷ ತಿನ್ನದೆ ಕುಡೀದೆ ನಿಮ್ಮ ಕೆಲಸ ನಿಲ್ಲಿಸ್ದೆ ಇದ್ದೆ. ಮೇಲೊಬ್ಬ ಇದ್ದಾನೆ, ಅವನಿಗೂ ಹೊಟ್ಟೆ ಇದೆ ಅಂತ ನಿಮಗೆ ಒಂದು ದಿನವಾದ್ರೂ ನೆನಪಾಯ್ತಾ?”

ಎಂಜಿನಿಯರ್ ಕೈ ಚಾಚಿ ಕ್ಯಾಬಿನ್ನಿನ ಕೀ ತೆಗೆದುಕೊಂಡ. “ಮೂರು ವಾರ ಬಿಟ್ಟು ಡಾಕ್ಟರ ಚೀಟಿ ತಗೊಂಡು ಬಾ. ಸೀಟು ಇರುತ್ತೆ ಅಂತ ನಾನು ಮಾತು ಕೊಡಲಾರೆ.”

ಗೇಟಿನ ಆಚೆ ಬಿಸಿಲಲ್ಲಿ ರಸ್ತೆ ದಾಟಲಾಗದೆ ನಿಂತು ಹೆಂಡತಿಗೆ ಫೋನು ಮಾಡಿದ. ಬಾಮೈದ ಅರ್ಧ ದಿನ ರಜೆ ಹಾಕಿ ಹಿಂದೆಯೇ ಬಂದಿದ್ದ. ಮುಖ ಮಾತ್ರ ಆ ಕಡೆ.

“ಹೇಳಿಬಿಟ್ಟೆ ಕಣೇ.”

“ಯಾರಿಗೆ?”

“ಎಲ್ಲರಿಗೂ. ಕೈ ಹಾಕ್ಲಾ ಅಂತ ಕೇಳಿದ ನಿನ್ನ ತಮ್ಮ, ಚಪ್ಪಡಿ ಮಧ್ಯೆ. ನನಗೆ ಕಾಣ್ತಿರ್ಲಿಲ್ಲ.”

“ಎಲ್ಲಿದ್ದಾನೆ?”

“ಪಕ್ಕದಲ್ಲೇ. ಮಾತಾಡ್ತಿಲ್ಲ.”

“ಮಾತಾಡದಿದ್ರೆ ಹಾಳಾಗ್ಲಿ. ಎರಡು ಕೈನೂ ಇವೆ ತಾನೇ?”

“ಇವೆ,” ಎಂದ. ಎಂದ ಮೇಲೂ ಕುತ್ತಿಗೆ ತಿರುಗಿಸಿ, ಬಲಗಣ್ಣಿನಿಂದ, ಒಂದಾದ ಮೇಲೆ ಒಂದು, ಎರಡನ್ನೂ ನೋಡಿದ.